ಪಾಳಿಯ ದಾರ

ಇಳಕಲ್ಲಿನ ನಮ್ಮ ಓಣಿಯಲ್ಲಿ ಐವತ್ತು ದಾಟಿದ ಹೆಂಗಸರು ಹಾವಿಗಿಂತ ಹೆಚ್ಚಾಗಿ ಹೆದರುತ್ತಿದ್ದದ್ದು ನಲ್ಲಿಯ ಮುಂದಿನ ಹಾಸುಗಲ್ಲಿಗೆ. ಸೀರೆ ನೇಯುವ ಕಾಶವ್ವನ ತಾಯಿ ಆ ಕಲ್ಲಿನ ಮೇಲೆ ಬಿದ್ದಳು ಎನ್ನುವುದೂ ತಪ್ಪು. ಜಾರಿ ಕುಳಿತಳು, ಅಷ್ಟೇ. ತೊಡೆಯ ಎಲುಬು ಮುರಿಯಿತು. ಹನ್ನೊಂದು ತಿಂಗಳು ಹಾಸಿಗೆಯಲ್ಲಿದ್ದು ಹೋಗಿಬಿಟ್ಟಳು. ಅಂದಿನಿಂದ ಕಾಶವ್ವ ನೀರಿಗೆ ಹೋದಾಗ ಆ ಕಲ್ಲನ್ನು ಮುಟ್ಟದೆ, ಗೋಡೆ ಹಿಡಿದುಕೊಂಡು ಸುತ್ತು ಹಾಕಿ ಬರುತ್ತಿದ್ದಳು.

ನಾನು ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದವಳು. ಧಾರವಾಡದ ಒಂದು ಸಂಶೋಧನಾ ಕೇಂದ್ರದವರು ಹೊಸ ಔಷಧಿಯೊಂದನ್ನು ಆರು ಊರುಗಳಲ್ಲಿ ಪರೀಕ್ಷಿಸುವುದಕ್ಕೆ ಹೊರಟಾಗ, ನಮ್ಮೂರಿನ ಇಪ್ಪತ್ನಾಲ್ಕು ನೇಕಾರ ಹೆಂಗಸರನ್ನು ನೋಡಿಕೊಳ್ಳುವ ಕೆಲಸ ನನಗೆ ಬಂತು. ಔಷಧಿ ಇದ್ದದ್ದು ಒಂದು ಸಣ್ಣ ಬಿಲ್ಲೆಯಲ್ಲಿ. ದಿನಕ್ಕೊಂದರಂತೆ ರಟ್ಟೆಗೆ ಅಂಟಿಸಿಕೊಳ್ಳಬೇಕು. ಮರುದಿನ ಕಿತ್ತು ನನಗೆ ಮರಳಿಸಬೇಕು. ತಿಂಗಳಿಗೊಮ್ಮೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಅಳತೆಮಣೆಯ ಮೇಲೆ ನಿಲ್ಲಬೇಕು. ಆ ಮಣೆ ಶಬ್ದದ ಅಲೆಗಳಿಂದ ಎಲುಬಿನ ಗಟ್ಟಿತನವನ್ನೂ ಗರ್ಭಕೋಶದ ಒಳಪೊರೆಯ ದಪ್ಪವನ್ನೂ ಅಳೆದು, ಯಾರ ಕೈಗೂ ಸಿಗದಂತೆ ನೇರವಾಗಿ ಧಾರವಾಡಕ್ಕೆ ಕಳಿಸುತ್ತಿತ್ತು.

"ಮದಿವ್ಯಾಗ ಒಮ್ಮೆ ಮಣಿ ಮ್ಯಾಲ ನಿಂತಿದ್ನಿ," ಎಂದಳು ಕಾಶವ್ವ ಮೊದಲ ದಿನ. "ಈಗ ನೋಡ್ರಿ ಅಕ್ಕೋರ, ಎದುರಿಗೆ ಗಂಡನೂ ಇಲ್ಲ, ಅಕ್ಕಿಕಾಳೂ ಇಲ್ಲ."

ಮಣೆ ಹೇಳಿದ ಸುದ್ದಿ ಮಾತ್ರ ನಗುವಂಥದ್ದಾಗಿರಲಿಲ್ಲ. ಇಪ್ಪತ್ನಾಲ್ಕು ಮಂದಿಯಲ್ಲಿ ಅತಿ ಸೊರಗಿದ ಎಲುಬು ಅವಳದೇ. ಸಾಣಿಗೆಯಂತಾಗಿತ್ತು.

ಅವಳ ಅಂಗಳದಲ್ಲೇ ಕುಳಿತು ಎಲ್ಲರಿಗೂ ವಿವರಿಸಿದೆ. ಹೆಣ್ಣಿನ ಮೈಯಲ್ಲಿ ಈಸ್ಟ್ರೋಜೆನ್ ಎಂಬ ರಸ ಹರಿಯುತ್ತದೆ. ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಜೀವಕೋಶಗಳ ಒಳಗಿರುತ್ತವೆ.

"ಗ್ರಾಹಕ ಅಂದ್ರ ಸೀರಿ ಕೊಳ್ಳಾಕ ಬರೋರಲ್ಲೇನ್ರಿ?" ಎಂದಳು ಪಕ್ಕದ ಮನೆಯ ಸಂಕವ್ವ.

"ಹಾಗೇ ಅಂದುಕೋ. ನೂಲು ಕೊಳ್ಳುವವರು. ಒಂದೇ ನೂಲು ನಾಲ್ಕು ಮಗ್ಗಕ್ಕೆ ಹೋದರೆ ಒಬ್ಬ ಸೆರಗು ನೇಯುತ್ತಾನೆ, ಇನ್ನೊಬ್ಬ ದಡಿ ನೇಯುತ್ತಾನೆ. ಈ ರಸವೂ ಹಾಗೆಯೇ. ಎಲುಬಿನೊಳಗೆ ಹೋದರೆ ಎಲುಬು ಸವೆಸುವ ಕೋಶಗಳನ್ನು ತಡೆಯುತ್ತದೆ. ಮಿದುಳಿನಲ್ಲಿ ಮೈಯ ಕಾವನ್ನು ಹಿಡಿತದಲ್ಲಿ ಇಡುತ್ತದೆ. ರಕ್ತನಾಳಗಳನ್ನು ಮೆತ್ತಗೆ ಇಡುತ್ತದೆ. ಎದೆಯಲ್ಲಿ, ಗರ್ಭಕೋಶದಲ್ಲಿ ಬೆಳೆ ಬೆಳೆ ಎನ್ನುತ್ತದೆ. ಮುಟ್ಟು ನಿಂತ ಮೇಲೆ ನೂಲು ಬರುವುದೇ ನಿಲ್ಲುತ್ತದೆ. ಎಲುಬು ಟೊಳ್ಳಾಗುತ್ತದೆ, ಮೈ ಕುದಿಯುತ್ತದೆ."

"ಹಂಗಾರ ನೂಲು ಹೊರಗಿಂದ ತಂದು ಹಾಕಿದ್ರಾತು."

"ಹಿಂದೆ ಹಾಕಿದರು. ಎಲ್ಲ ಮಗ್ಗಗಳೂ ಒಟ್ಟಿಗೆ ಶುರುವಾದವು. ಗರ್ಭಕೋಶದಲ್ಲಿ, ಎದೆಯಲ್ಲಿ ಬೇಡದ ಬೆಳವಣಿಗೆ ಬಂದರೆ ಅದು ಕ್ಯಾನ್ಸರಿನ ದಾರಿ."

ಎಲುಬಿನ ಮಗ್ಗವನ್ನು ಮಾತ್ರ ನಡೆಸಿ ಉಳಿದವನ್ನು ಸುಮ್ಮನೆ ಕೂರಿಸಲು ಬಂದರೆ? ಡಾಕ್ಟರ್ ಇಂದುಮತಿ ಹಲಗಲಿ ಎಂಬಾಕೆ ಈ ಒಂದು ಪ್ರಶ್ನೆಯ ಹಿಂದೆ ಹತ್ತೊಂಬತ್ತು ವರ್ಷ ಕಳೆದಿದ್ದರು. ಆ ಬಿಲ್ಲೆ ಅವರದು.

ಅರ್ಧದಷ್ಟು ಹೆಂಗಸರಿಗೆ ನಿಜವಾದ ಬಿಲ್ಲೆ, ಉಳಿದರ್ಧಕ್ಕೆ ಔಷಧಿಯಿಲ್ಲದ ಹುಸಿ ಬಿಲ್ಲೆ. ಯಾರಿಗೆ ಯಾವುದು ಎಂಬುದು ನನಗೂ ಗೊತ್ತಿರಲಿಲ್ಲ. ಇದನ್ನು ಮೊದಲೇ ಹೇಳಿ, ಓದಿ ತಿಳಿಸಿ, ಒಪ್ಪಿಗೆ ಪಡೆದಿದ್ದೆವು. ಎಲ್ಲರೂ ತಲೆಯಾಡಿಸಿದ್ದರು.

*

ಹತ್ತು ತಿಂಗಳು ಕಳೆದ ಮೇಲೆ ಧಾರವಾಡದಿಂದ ಕರೆ ಬಂತು. ಹೋದೆ.

ಕೇಂದ್ರದ ಮೂರನೆಯ ಮಹಡಿಯಲ್ಲಿ ಗೋಡೆಯಷ್ಟು ಅಗಲದ ಒಂದು ಪರದೆ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಚುಕ್ಕೆ, ಊರಿಗೊಂದು ಗುಂಪು. ಇಂದುಮತಿಯವರು ನನಗೆ ಕುರ್ಚಿ ಎಳೆದುಕೊಟ್ಟು, ಚಹಾ ಕೈಗಿತ್ತು, ಆಮೇಲೆ ಪರದೆಯ ಕಡೆ ತಿರುಗಿದರು. ಅವರ ಕಣ್ಣುಗಳು ಅತ್ತ ಹಾಗಿದ್ದವು.

"ಗರ್ಭಕೋಶದ ಪೊರೆ ದಪ್ಪ ಆದವರಿಗೆ ಕೆಂಪು ಚುಕ್ಕಿ, ಉಳಿದವರಿಗೆ ಹಸಿರು, ಅಮ್ಮಾ. ಉಳಿದ ಐದು ಊರಾಗ ನಿಜವಾದ ಬಿಲ್ಲೆ ಹಚ್ಚಿಕೊಂಡವರು ನೂರಾ ಎಂಟು ಮಂದಿ. ಮೂವತ್ತೊಂದು ಕೆಂಪು."

ನಾನು ಲೆಕ್ಕ ಹಾಕಿದೆ. ಹತ್ತರಲ್ಲಿ ಮೂರು.

"ನನ್ನ ಔಷಧಿ ಸೋತದ. ನಿಮ್ಮ ಓಣಿ ಮಾತಿನ್ಯಾಗ ಹೇಳಿದ್ರ, ಎಲ್ಲಾ ಮಗ್ಗ ಒಟ್ಟಿಗೇ ನಡಸ್ಯದ. ಇಷ್ಟ ಇದ್ದಿದ್ರ ನಾನೇ ಬಾಗಲಾ ಹಾಕ್ತಿದ್ದೆ. ಆದರ ನಿಮ್ಮೂರು ನೋಡ್ರಿ."

ಇಳಕಲ್ಲಿನ ಗುಂಪಿನಲ್ಲಿ ಒಂದೂ ಕೆಂಪು ಚುಕ್ಕೆ ಇರಲಿಲ್ಲ. ಎಲುಬು ಮಾತ್ರ ಇಪ್ಪತ್ನಾಲ್ಕು ಮಂದಿಯದೂ ಗಟ್ಟಿಯಾಗಿತ್ತು. ಅದರಲ್ಲಿ ಹನ್ನೆರಡು ಮಂದಿ ಹುಸಿ ಬಿಲ್ಲೆಯವರು.

ಅಂಕಿಅಂಶ ನೋಡುವ ಟಿಕಾರೆ ಎಂಬುವರು ಮೂಲೆಯ ಮೇಜಿನಿಂದ ಮಾತಾಡಿದರು. "ಮೇಡಂ, ಹುಸಿ ಬಿಲ್ಲ್ಯಾಗ ಬರೇ ಅಂಟು ಮತ್ತ ಅಕ್ಕಿ ಪಿಷ್ಟ. ಪಿಷ್ಟದಿಂದ ಎಲುಬು ಗಟ್ಟಿ ಆಗೂದಿದ್ರ ನಾವೆಲ್ಲಾ ದ್ವಾಸಿ ತಿಂದು ಅಮರ ಆಗಬೇಕಿತ್ತು. ಇಷ್ಟು ಛಂದ ಅಂಕಿ ಮನ್ಯಾಗ ಕೂತು ಬರದಾಗ ಮಾತ್ರ ಬರ್ತಾವ."

ಚಹಾವನ್ನು ಮೇಜಿನ ಮೇಲಿಟ್ಟೆ. ಎಪ್ಪತ್ತನೆಯ ವಯಸ್ಸಿನಲ್ಲಿ ಇಂಥ ಮಾತು ಕೇಳಿದ್ದು ಅದೇ ಮೊದಲು.

"ಟಿಕಾರೆ, ಮಣಿ ಸೀದಾ ಇಲ್ಲಿಗೇ ಕಳಸ್ತದ," ಎಂದರು ಇಂದುಮತಿ. "ಅದರಾಗ ಯಾರ ಕೈನೂ ಆಡಂಗಿಲ್ಲ." ಆಮೇಲೆ ನನ್ನ ಕಡೆ ನೋಡಿದರು. "ಗುರುವಾರ ಪರಿಶೀಲನಾ ಸಮಿತಿ ಕೂಡತದ, ಅಮ್ಮಾ. ಅಷ್ಟರಾಗ ಇದಕ್ಕ ಉತ್ತರ ಸಿಗಲಿಲ್ಲಾಂದ್ರ ಇಳಕಲ್ಲನ್ನ ತಪ್ಪು ಅಂತ ಹೊಡದು ಹಾಕ್ತಾರ, ಉಳಿದ ಊರು ನೋಡಿ ಎಲ್ಲಾ ಮುಚ್ಚತಾರ. ಮತ್ತ ಯಾರೂ ಇದನ್ನ ತೆರಿಯಂಗಿಲ್ಲ."

"ಬಿಲ್ಲೆ ನಿಂತರೆ ನಮ್ಮವರ ಎಲುಬು?"

"ಒಂದು ವರ್ಷದಾಗ ಹಿಂದಿನಂಗೇ."

ನನ್ನ ಕಣ್ಣ ಮುಂದೆ ಕಾಶವ್ವ ಬಂದಳು, ಗೋಡೆ ಹಿಡಿದುಕೊಂಡು, ಕೊಡ ಸೊಂಟದಲ್ಲಿಟ್ಟು.

ನಾನು ಹೊರಟಾಗ ಟಿಕಾರೆ ಗೇಟಿನವರೆಗೆ ಓಡಿ ಬಂದರು. ಮರೆತಿದ್ದ ನನ್ನ ಕನ್ನಡಕದ ಡಬ್ಬಿ ಕೈಯಲ್ಲಿತ್ತು. ಕೊಟ್ಟು, ಮುಖ ನೋಡದೆ ಹೇಳಿದರು: "ಬಸ್ಸಿನ್ಯಾಗ ಎಡಗಡಿ ಕೂಡ್ರಿ. ಬಲಗಡಿ ಬಾಗಲಕೋಟಿ ತನಕಾ ಬಿಸಲ ಹೊಡೀತದ." ಅವರನ್ನು ಅಲ್ಲಿಯೇ ಅರ್ಧ ಕ್ಷಮಿಸಿದೆ.

*

ಮರುದಿನ ಬೆಳಿಗ್ಗೆ ಕಾಶವ್ವನ ಅಂಗಳಕ್ಕೆ ಹೋದಾಗ ಮೂವರು ಹೆಂಗಸರು ಕೊಂಡಿ ಹಾಕುತ್ತಿದ್ದರು.

ಇಳಕಲ್ಲ ಸೀರೆ ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ನಮ್ಮ ಸೀರೆಯಲ್ಲಿ ಹಾಸು, ಎಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆ, ಮೈಗೆ ಬೇರೆ, ಸೆರಗಿಗೆ ಬೇರೆ. ಮೈಯ ಎಳೆಯನ್ನೂ ಸೆರಗಿನ ಎಳೆಯನ್ನೂ ಒಂದರೊಳಗೊಂದು ಸಿಕ್ಕಿಸಿ ಬಿಗಿಯಬೇಕು. ಅದೇ ಕೊಂಡಿ. ಸಾವಿರಾರು ಎಳೆ, ಒಂದು ಸಡಿಲವಾದರೆ ಸೀರೆಯ ಸೌಂದರ್ಯವೇ ಹೋಯಿತು. ಪ್ರತಿ ಸೀರೆಗೂ ಹೊಸ ಹಾಸು, ಪ್ರತಿ ಸೀರೆಗೂ ಹೊಸ ಕೊಂಡಿ. ಒಬ್ಬಳ ಕೈಯಿಂದ ಆಗುವ ಕೆಲಸ ಅದಲ್ಲ. ನಮ್ಮ ಓಣಿಯಲ್ಲಿ ಒಂದು ಸೀರೆ ಮಗ್ಗದಿಂದ ಇಳಿಯುವುದಕ್ಕೆ ಐದು ದಿನ.

ಕಾಶವ್ವ ಒಂದು ಕಡೆ, ಅವಳೆದುರಿಗೆ ಕೊಂಡಿಯಲ್ಲಿ ಅವಳ ಜೋಡಿಯಾದ ಹೊನ್ನೂರಬಿ, ನಡುವೆ ಎಳೆ ಬಿಡಿಸಿಕೊಡುತ್ತ ಸಂಕವ್ವ. ಅವರ ಹಿಂದಿನ ಗೋಡೆಯ ಮೊಳೆಗೆ ಉದ್ದನೆಯ ದಾರವೊಂದು ಸುರುಳಿಯಾಗಿ ತೂಗುತ್ತಿತ್ತು. ಅದಕ್ಕೆ ಐದು ಕೆಂಪು ಎಳೆ ಗಂಟು ಹಾಕಿತ್ತು, ಆಮೇಲೆ ಐದು ಬಿಳಿ, ಮತ್ತೆ ಐದು ಕೆಂಪು. ಎಷ್ಟೋ ಸಲ ನೋಡಿದ್ದೆ. ಕೇಳಿರಲಿಲ್ಲ.

"ಅದೇನು ಕಾಶವ್ವ, ಆ ದಾರ?"

ಮೂವರ ಕೈಗಳೂ ನಿಂತವು. ಹೊನ್ನೂರಬಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ದೃಷ್ಟಿ ದಾರರೀ," ಎಂದಳು ಸಂಕವ್ವ.

"ಏ ಸಂಕಿ, ಸುಳ್ಳ ಹೇಳಾಕ ಬರೂದಿಲ್ಲ ನಿನಗ. ಯಾಕ ಹೇಳ್ತಿ?" ಕಾಶವ್ವ ಎಳೆಗಳನ್ನು ಮೆಲ್ಲಗೆ ತೊಡೆಯ ಮೇಲಿಟ್ಟಳು. "ಅದು ಪಾಳಿ ದಾರರೀ ಅಕ್ಕೋರ. ಕೆಂಪು ಅಂದ್ರ ಹೊನ್ನೂರಬಿ ಖರೆ ಬಿಲ್ಲೆ ಹಚ್ಚಿಕೊಂಡ ದಿನ. ಬಿಳಿ ಅಂದ್ರ ನಾ ಹಚ್ಚಿಕೊಂಡ ದಿನ."

ನಾನು ಅವಳೆದುರಿಗೆ ಕಟ್ಟೆಯ ಮೇಲೆ ಕುಳಿತು ಕೇಳಿದೆ.

"ಖರೆ ಬಿಲ್ಲೆ ಯಾವುದು ಅಂತ ನಿಮಗೆ ಹೇಗೆ ಗೊತ್ತಾಯಿತು?"

"ಅದೇನ್ರಿ, ತಿಂಗಳಾಗೂದ್ರಾಗ ಗೊತ್ತಾತು. ಇಕಿಗೆ ಮೈಯಾಗಿನ ಝಳಾ ನಿಂತಿತು. ಕಣ್ಣತುಂಬ ನಿದ್ದಿ ಮಾಡಿ, ಎಣ್ಣಿ ಹಚ್ಚಿ ತಲಿ ಬಾಚಿಕೊಂಡು ಬರಾಕಿ. ನಾ ನೋಡಿದ್ರ ಕುದ್ದು ಕುದ್ದು ಬದನಿಕಾಯಿ ಆಗಿ ಬರಾಕಿ. ಕೊಂಡಿಗೆ ಕೂತ್ರ ತೂಕಡಿಕಿ. ನನ್ನ ಕಡಿ ಎಳಿ ಎಲ್ಲಾ ಸಡ್ಲ."

"ಅಕ್ಕಾ ತೂಕಡಿಸ್ಕೋತ ಕೂತಾಗ ನಾ ಒಬ್ಬಾಕಿ ಹ್ಯಾಂಗ ತಣ್ಣಗ ಕೂಡ್ಲಿರಿ?" ಎಂದಳು ಹೊನ್ನೂರಬಿ, ಸೆರಗಿನ ಹಿಂದಿನಿಂದ. "ಒಂದ ಸೀರಿ ನಂದು, ಒಂದ ಸೀರಿ ಅಕ್ಕಂದು ಅಂತ ಮಾಡ್ಕೊಂಡಿವಿ. ಸೀರಿ ಇಳೀತು, ಪಾಳಿ ಬದಲಾತು. ಹುಸಿ ಬಿಲ್ಲೆನೂ ಚೆಲ್ಲಿಲ್ರಿ, ನಿಮಗ ಬ್ಯಾಸರ ಆಗಬಾರದಂತ ಅದನ್ನೂ ಹಚ್ಚಿಕೊಂಡಿವಿ."

"ಎಲ್ಲರೂ ಹೀಗೆಯೇ?"

"ಇಪ್ಪತ್ನಾಕೂ ಮಂದಿ," ಎಂದಳು ಸಂಕವ್ವ, ಈಗ ಸುಳ್ಳಿನ ಭಾರ ಇಳಿದು ಹಗುರಾಗಿ. "ಹನ್ನೆರಡು ಜೋಡಿ, ಹನ್ನೆರಡು ದಾರ. ನಂದು ನಮ್ಮ ಅಡಗಿಮನ್ಯಾಗ ಐತಿ, ತರ್ಲೇನ್ರಿ?"

ಪರಿಸ್ಥಿತಿಯನ್ನು ಬಿಡಿಸಿ ಹೇಳಿದೆ. ಅವರ ಮುಖಗಳು ಬಾಡಿದವು. ಸುಳ್ಳು ಹೇಳುವುದಿಲ್ಲ, ನನಗೂ ಒಂದು ಕ್ಷಣ ಅನ್ನಿಸಿತು: ಬಾಯಿ ಮುಚ್ಚಿಕೊಂಡಿದ್ದರೆ? ನಿಯಮ ಮುರಿದವರು ಎಂಬ ಹೆಸರಾದರೂ ಈ ಹೆಂಗಸರಿಗೆ ಬರುವುದಿಲ್ಲ. ಸುಮ್ಮನೆ ಆ ದಾರವನ್ನು ಕೈಗೆ ತೆಗೆದುಕೊಂಡು ಎಣಿಸುತ್ತ ಕುಳಿತೆ. ಐದು ಕೆಂಪು, ಐದು ಬಿಳಿ. ಐದು ಕೆಂಪು, ಐದು ಬಿಳಿ.

ಎಷ್ಟೋ ವರ್ಷ ಪಾಠ ಹೇಳಿದ ತಲೆ ನಿಧಾನವಾಗಿಯಾದರೂ ಕೆಲಸ ಮಾಡುತ್ತದೆ. ನಮ್ಮೂರಲ್ಲಿ ಹನ್ನೆರಡು ಮಂದಿ ಔಷಧಿಯವರು, ಹನ್ನೆರಡು ಮಂದಿ ಹುಸಿಯವರು ಇರಲೇ ಇಲ್ಲ. ಇಪ್ಪತ್ನಾಲ್ಕು ಮಂದಿಯೂ ಐದು ದಿನ ಔಷಧಿ ಪಡೆದು ಐದು ದಿನ ಬಿಟ್ಟವರು. ಎಲ್ಲರ ಎಲುಬೂ ಗಟ್ಟಿ. ಯಾರ ಪೊರೆಯೂ ದಪ್ಪವಾಗಿಲ್ಲ.

"ಕಾಶವ್ವ, ಈ ದಾರಗಳನ್ನೆಲ್ಲ ನಾನು ಧಾರವಾಡಕ್ಕೆ ಒಯ್ಯಬೇಕು."

"ಒಯ್ಯಿರಿ. ನಾವೂ ಬರ್ತೀವಿ."

"ನೀವು ಯಾಕೆ? ಅಲ್ಲಿ ಬೈಯಬಹುದು."

"ಅದಕ್ಕ ಮತ್ತ! ತಪ್ಪ ಮಾಡಿದಾಕಿ ಮನ್ಯಾಗ ಕೂತು, ಬೈಸ್ಕೊಳ್ಳಾಕ ಅಕ್ಕೋರನ್ನ ಕಳಸ್ತೀವೇನು?" ಎಂದಳು ಕಾಶವ್ವ. "ಸಂಕಿ, ರೊಟ್ಟಿ ಕಟ್ಟ ನಡಿ."

*

ಇಂದುಮತಿಯವರ ಉದ್ದನೆಯ ಮೇಜಿನ ಮೇಲೆ ಹನ್ನೆರಡು ದಾರಗಳನ್ನು ಒಂದರ ಪಕ್ಕ ಒಂದು ಹಾಸಿದೆವು. ನಾವು ಹೇಳಿದ್ದನ್ನೆಲ್ಲ ಅವರು ಕೇಳಿಸಿಕೊಂಡರು. ದಾರದ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳು ಆಡಿಸುತ್ತ ಹೋದರು, ಮತ್ತೆ ಹಿಂದಕ್ಕೆ ಬಂದರು.

"ಗರ್ಭಕೋಶದ ಪೊರೆ ಬೆಳೀಬೇಕಂದ್ರ ಔಷಧಿ ದಿನಾ ತಪ್ಪದ ಬೆಳಿ ಬೆಳಿ ಅಂತ ಕೂಗಬೇಕು," ಎಂದರು ತಮಗೆ ತಾವೇ. "ನಡುವ ಐದು ದಿನ ಸುಮ್ಮನಿದ್ರ ಅದು ಮರೀತದ. ಎಲುಬಿಗೆ ಮಾತ್ರ ಒಮ್ಮೆ ಹೇಳಿದ್ದು ನೆನಪಿರ್ತದ. ಗ್ರಾಹಕ ಒಂದೇ, ಆದರ ಒಂದೊಂದು ಅಂಗದ ನೆನಪು ಒಂದೊಂದು ಥರ. ಹತ್ತೊಂಬತ್ತು ವರ್ಷ ನಾ ಔಷಧಿ ಬದಲಿಸಿಕೋತ ಕೂತೆ. ಹಚ್ಚೋ ದಿನಗೋಳನ್ನ ಬದಲಿಸಲಿಲ್ಲ."

"ಮೇಡಂ, ದಾರ ನಂಬಿ ಸಮಿತಿ ಮುಂದ ಹೋಗಾಕ ಆಗಂಗಿಲ್ಲ," ಎಂದರು ಟಿಕಾರೆ. ಅವರದು ಸರಿಯಾದ ಮಾತೇ.

ಆಗ ನಾನು ನನ್ನ ಚೀಲಗಳನ್ನು ಬಿಚ್ಚಿದೆ. ಬಳಸಿದ ಬಿಲ್ಲೆಗಳನ್ನು ಸುಡುವ ಸೂಚನೆ ಬರುವವರೆಗೆ ಇಟ್ಟುಕೊಳ್ಳಿ ಎಂದು ಮೊದಲ ದಿನ ಹೇಳಿದ್ದರು. ಸೂಚನೆ ಬಂದಿರಲಿಲ್ಲ. ಹಾಗಾಗಿ ಇಪ್ಪತ್ನಾಲ್ಕು ಬಿಸ್ಕೀಟಿನ ಡಬ್ಬಿಗಳಲ್ಲಿ, ದಿನಾಂಕ ಬರೆದ ಕಾಗದದ ಪೊಟ್ಟಣಗಳಲ್ಲಿ, ಹತ್ತು ತಿಂಗಳ ಏಳು ಸಾವಿರಕ್ಕೂ ಹೆಚ್ಚು ಬಿಲ್ಲೆಗಳು ಹಾಗೆಯೇ ಇದ್ದವು. ಪ್ರತಿಯೊಂದಕ್ಕೂ ಅದನ್ನು ಧರಿಸಿದವಳ ಚರ್ಮದ ಪುಡಿ ಅಂಟಿಕೊಂಡಿತ್ತು. ಯಾವ ದಿನ ಯಾವ ಬಿಲ್ಲೆ ಯಾರ ರಟ್ಟೆಯ ಮೇಲಿತ್ತು ಎಂಬುದನ್ನು ಚರ್ಮದ ಡಿಎನ್‌ಎ ಹೇಳಬಲ್ಲದು.

ಟಿಕಾರೆ ಡಬ್ಬಿಗಳನ್ನು ನೋಡಿದರು, ನನ್ನನ್ನು ನೋಡಿದರು. "ಅಮ್ಮಾರ," ಎಂದರು, "ಮೊನ್ನೆ ನಾ ಆಡಿದ ಮಾತು..."

"ಎಡಗಡೆ ಕೂತೆ," ಎಂದೆ. "ಬಿಸಿಲು ಬೀಳಲಿಲ್ಲ."

ಸಮಿತಿಗೆ ಮೂರೇ ದಿನ ಉಳಿದಿತ್ತು. ಚೀಟಿ ಎತ್ತಿ ಆರುನೂರು ಬಿಲ್ಲೆಗಳನ್ನು ಆರಿಸಿದರು. ಯಂತ್ರಗಳು ಬಿಡುವಿಲ್ಲದೆ ನಡೆದವು. ಈ ಮೂವರು ಹೆಂಗಸರು ಅತಿಥಿಗೃಹದಲ್ಲಿ ಉಳಿದು, ಅಡುಗೆಯವನಿಗೆ ಶೇಂಗಾ ಚಟ್ನಿ ಹೇಗೆ ಕುಟ್ಟಬೇಕೆಂದು ಕಲಿಸಿದರು. ಬುಧವಾರ ಸಂಜೆ ಪರದೆಯ ಮೇಲೆ ಒಂದು ಕಡೆ ಯಂತ್ರ ಹೇಳಿದ್ದು, ಇನ್ನೊಂದು ಕಡೆ ದಾರ ಹೇಳಿದ್ದು ಮೂಡಿದವು. ಕೆಂಪಿಗೆ ಕೆಂಪು, ಬಿಳಿಗೆ ಬಿಳಿ. ಆರುನೂರರಲ್ಲಿ ಐನೂರ ತೊಂಬತ್ತಾರು ಕೂಡಿಬಂದವು.

"ನಾಲ್ಕು ತಪ್ಪ್ಯಾವ," ಎಂದರು ಟಿಕಾರೆ. "ಎಲ್ಲಾ ಒಂದೇ ದಾರದ್ದು, ಶ್ರಾವಣ ಮಾಸದ್ದು. ದಾರ ಹೊನ್ನೂರಬಿ ಅಂತದ, ಚರ್ಮ ಕಾಶವ್ವ ಅಂತದ."

ಕಾಶವ್ವ ಹೊನ್ನೂರಬಿಯ ಕಡೆ ತಿರುಗಿದಳು. ಹೊನ್ನೂರಬಿ ನೆಲ ನೋಡಿದಳು.

"ಅಕ್ಕಗ ಅವಾಗ ಭಾಳ ಜ್ವರ ಇತ್ರಿ. ಯಾರ ಪಾಳಿ ಅನ್ನೂ ಖಬರು ಇರ್ಲಿಲ್ಲ. ನನ್ನವು ಆಕಿಗೇ ಹಚ್ಚಿದೆ. ಬಿಳಿ ಎಳಿ ಕಟ್ಟಿದ್ರ ಗೊತ್ತಾಗಿ ತಿರುಗಿ ಕೊಡ್ತಿದ್ಲು. ಅದಕ್ಕ ಕೆಂಪ ಕಟ್ಟಿದೆ."

ಕಾಶವ್ವ ಹೊನ್ನೂರಬಿಯ ಬೆನ್ನಿಗೊಂದು ಗುದ್ದು ಹಾಕಿದಳು. ಆಮೇಲೆ ಆ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.

ಗುರುವಾರ ಸಮಿತಿಯ ಹಿರಿಯರೊಬ್ಬರು ಕೇಳಿದರು: "ನಿಯಮ ಮುರಿದು ಬಂದ ಅಂಕಿಗಳನ್ನು ನಾವು ಹೇಗೆ ನಂಬಬೇಕು?"

"ಉತ್ತರ ಅಂತ ನಂಬಬೇಡಿ," ಎಂದರು ಇಂದುಮತಿ. "ಪ್ರಶ್ನೆ ಅಂತ ತಗೊಳ್ಳಿ. ಸರಿಯಾಗಿ ಕೇಳುವುದಕ್ಕೆ ಇನ್ನೊಂದು ಅವಕಾಶ ಕೊಡಿ."

ದಿನನಿತ್ಯದ ಬಿಲ್ಲೆಯನ್ನು ಅಂದೇ ನಿಲ್ಲಿಸಿದರು. ಕೆಂಪು ಚುಕ್ಕೆಯ ಮೂವತ್ತೊಂದು ಮಂದಿಗೂ ಚಿಕಿತ್ಸೆ ಶುರುವಾಯಿತು. ಬಿಲ್ಲೆ ನಿಂತ ಮೇಲೆ ಎಲ್ಲರ ಪೊರೆಯೂ ಮೊದಲಿನಂತಾಯಿತು. ಐದು ದಿನ ಹಚ್ಚಿ ಐದು ದಿನ ಬಿಡುವ ಹೊಸ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿತು. ಏಳುವಾಗ ಆ ಹಿರಿಯರು ಹೆಂಗಸರ ಕಡೆ ಬೆರಳು ತೋರಿಸಿದರು. "ಈ ಸಲ ಹಂಚಿಕೊಳ್ಳಬಾರದು, ತಿಳೀತೇ?"

"ಎಲ್ಲಾರಿಗೂ ಕೊಟ್ರ ಯಾಕ ಹಂಚತೀವ್ರಿ?" ಎಂದಳು ಕಾಶವ್ವ.

ಹಿರಿಯರು ಬೆರಳು ಮಡಿಸಿ, ಕಾಗದದ ಮೇಲೆ ಏನೋ ಬರೆದುಕೊಂಡರು. ಹೊಸ ಪರೀಕ್ಷೆಯ ಕಾಗದ ಬಂದಾಗ ನೋಡಿದೆ. ಹುಸಿ ಬಿಲ್ಲೆಯ ಗುಂಪು ಇರಲಿಲ್ಲ. ಅರ್ಧ ಮಂದಿಗೆ ಐದು ದಿನದ ಪಾಳಿಯ ಬಿಲ್ಲೆ, ಉಳಿದವರಿಗೆ ಎಲುಬಿನ ಹಳೆಯ ಮಾತ್ರೆ. ಬರಿಗೈಯವರು ಯಾರೂ ಇಲ್ಲ.

*

ಆ ಪರೀಕ್ಷೆ ಮೂರು ವರ್ಷ ನಡೆಯಿತು, ಎರಡು ಸಾವಿರ ಹೆಂಗಸರ ಮೇಲೆ. ನಮ್ಮ ಇಪ್ಪತ್ನಾಲ್ಕು ಮಂದಿಯನ್ನು, ಮೊದಲೇ ಬಿಲ್ಲೆ ಹಚ್ಚಿಕೊಂಡಿದ್ದವರೆಂದು, ಕೊನೆಗೆ ಅದರಿಂದ ಹೊರಗಿಟ್ಟು, ಬೇರೆಯಾಗಿ ಗಮನಿಸುತ್ತ, ಬಿಲ್ಲೆ ಕೊಡುತ್ತ ಬಂದರು. ಧಾರವಾಡದ ಕೇಂದ್ರದಲ್ಲಿ ಐದು ದಿನದ ಆ ಅವಧಿಗೆ "ಒಂದು ಸೀರೆ" ಎಂದೇ ಹೆಸರು ಬಿತ್ತು. "ಈಕೆಗೆ ಎಷ್ಟು ಸೀರೆ ಆಯಿತು?" ಎಂದು ಬಿಳಿ ಕೋಟಿನ ಹುಡುಗಿಯರು ಕೇಳುವುದನ್ನು ನಾನೇ ಕೇಳಿದ್ದೇನೆ.

ಫಲಿತಾಂಶದ ದಿನ ಟಿಕಾರೆ ಫೋನು ಮಾಡಿ, ಕ್ಯಾಮೆರಾವನ್ನು ಪರದೆಯ ಕಡೆ ತಿರುಗಿಸಿದರು. ಪಾಳಿಯ ಬಿಲ್ಲೆಯ ಸಾವಿರ ಚುಕ್ಕೆಗಳು ಹಸಿರು, ಕೊನೆಯವರೆಗೂ ಹಸಿರು. ಪರದೆಯ ಮೇಲ್ಗಡೆ ಮೊಳೆಗೆ ನಮ್ಮ ದಾರವೊಂದು ತೂಗುತ್ತಿತ್ತು. ಹಿಂದೆ ಯಾರೋ ಜೋರಾಗಿ ಅಳುತ್ತಿದ್ದರು. ಇಂದುಮತಿಯವರೇ ಇರಬೇಕು.

ಬಿಲ್ಲೆ ಅಂಗಡಿಗೆ ಬಂತು. ಒಂದು ಹಾಳೆಯಲ್ಲಿ ಹತ್ತು ಮನೆ: ಐದರಲ್ಲಿ ಕೆಂಪು ಅಂಚಿನ ಬಿಲ್ಲೆ, ಐದು ಖಾಲಿ. ಓಣಿಯ ಹೆಂಗಸರು ಕೂಡಿ ಕೆಂಪು ಬಿಳಿ ಸೆರಗಿನ ಸೀರೆಯೊಂದನ್ನು ನೇಯ್ದು ಇಂದುಮತಿಯವರಿಗೆ ಕಳಿಸಿದರು. ಕೊಂಡಿ ಯಾರು ಹಾಕಿದರೆಂದು ಹೇಳಬೇಕಾಗಿಲ್ಲ.

ಅದಾದ ಮೇಲೆ ಒಂದು ಬೆಳಿಗ್ಗೆ. ನೀರು ಬಿಟ್ಟಿದ್ದರು. ನಾನು ಕಟ್ಟೆಯ ಮೇಲೆ ಪತ್ರಿಕೆ ಓದುತ್ತಿದ್ದೆ. ಕಾಶವ್ವ ತುಂಬಿದ ಕೊಡ ಹೊತ್ತು, ಸಂಕವ್ವನ ಜೊತೆ ಯಾವುದೋ ಮಾತಿನ ಭರದಲ್ಲಿ, ಗೋಡೆ ಹಿಡಿಯುವುದನ್ನೂ ಸುತ್ತು ಹಾಕುವುದನ್ನೂ ಮರೆತು, ನೇರವಾಗಿ ಆ ಹಾಸುಗಲ್ಲಿನ ಮೇಲೆ ಕಾಲಿಟ್ಟಳು.

ಕಾಲು ಹೋಯಿತು. ತಾಯಿಯಂತೆ ಮೆಲ್ಲಗೆ ಜಾರಿ ಕುಳಿತದ್ದಲ್ಲ. ಇಡೀ ಮೈ ಗಾಳಿಗೆದ್ದು, ಕೊಡದ ಸಮೇತ, ಸೊಂಟದ ಮೇಲೆ ಧಡ್ ಎಂದು ಬಿದ್ದಳು. ಆ ಸದ್ದಿಗೆ ಓಣಿಯ ಮಗ್ಗಗಳೆಲ್ಲ ನಿಂತವು. ಹೊನ್ನೂರಬಿ ಹೊಸ್ತಿಲಿಗೆ ಬಂದವಳು ಹಾಗೆಯೇ ಕಲ್ಲಾದಳು. ನಾನು ಪತ್ರಿಕೆ ಬಿಟ್ಟು ಎದ್ದೆ.

ನೀರು ಹರಿದು ಹೋಯಿತು. ಕಾಶವ್ವ ಕಲ್ಲಿನ ಮೇಲೆ ಕುಳಿತೇ ಇದ್ದಳು. ಒಂದು ಕೈಯಿಂದ ಸೊಂಟ ಮುಟ್ಟಿ ನೋಡಿಕೊಂಡಳು. ತೊಡೆ ಮುಟ್ಟಿ ನೋಡಿಕೊಂಡಳು. ಆಮೇಲೆ ನೆಲಕ್ಕೆ ಅಂಗೈ ಊರಿ, ಮೊಣಕಾಲು ಮಡಿಸಿ, ಎದ್ದು ನಿಂತಳು. ಚರಂಡಿಯವರೆಗೆ ಉರುಳಿ ಹೋಗಿದ್ದ ಸ್ಟೀಲಿನ ಕೊಡವನ್ನು ತಾನೇ ನಡೆದು ಹೋಗಿ ಎತ್ತಿಕೊಂಡು, ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಹೊಟ್ಟೆಯ ಕಡೆ ಅಂಗೈಯಷ್ಟು ಒಳಕ್ಕೆ ಹೋಗಿತ್ತು.

"ಅಕ್ಕೋರ!" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದಳು. "ಕೊಡ ನೆಗ್ಗೇತಿ ನೋಡ್ರಿ! ನಾ ನೆಗ್ಗಿಲ್ಲ!"